ಎರಡು ಅಕ್ಷರ ತಪ್ಪಿದ್ದಕ್ಕೆ ಎರಡು ದಿನ ನಿಂತ ಪಂಪು: ಸರಿಯಾದ ಸ್ಪಾರ್ಕ್ ಪ್ಲಗ್ ಆರಿಸೋದು ಹೇಗೆ?

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ದೀರಿ ಅಂದ್ಕೊಂಡು ಶುರು ಮಾಡ್ತೀನಿ. ಬೈಕ್ ಓಡಿಸ್ತಾ ಕೇಳ್ತಿದ್ರೆ ದಯವಿಟ್ಟು ಇಯರ್‌ಫೋನ್ ತೆಗೀರಿ. ಎಪಿಸೋಡ್ ಎಲ್ಲೂ ಓಡಿಹೋಗಲ್ಲ, ಮನೆಗೆ ಹೋಗಿ ಕೇಳಿ.

ಇವತ್ತಿನ ವಿಷಯ ಸ್ಪಾರ್ಕ್ ಪ್ಲಗ್. ಬಿ.ಕಾಂ. ಓದಿದವಳಿಗೆ ಇಂಜಿನ್ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಎರಡು ವರ್ಷದ ಹಿಂದೆ ಒಂದು ತಪ್ಪು ಪ್ಲಗ್‌ನಿಂದ ನಮ್ಮ ಚಿಕ್ಕಪ್ಪನ ತೋಟಕ್ಕೆ ನಷ್ಟ ಆಯ್ತು. ಆ ಪ್ಲಗ್ ತಂದುಕೊಟ್ಟಿದ್ದು ನಾನೇ.

ಚಿಕ್ಕಪ್ಪನದು ಕೊಪ್ಪದ ಹತ್ತಿರ ಅಡಿಕೆ ತೋಟ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ಮಳೆ ಜೋರು ಹಿಡಿಯೋ ಮುಂಚೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೀಬೇಕು. ಮೈಲುತುತ್ತ, ಸುಣ್ಣ, ನೀರು, ಅಷ್ಟೇ. ಹೊಡೀಲಿಲ್ಲ ಅಂದ್ರೆ ಕೊಳೆರೋಗ ಬಂದು ಎಳೆಕಾಯಿ ಉದುರಿಹೋಗತ್ತೆ. ಮರ ಹತ್ತುವವರು ಆ ಸಮಯದಲ್ಲಿ ಎಲ್ಲರಿಗೂ ಬೇಕು, ಹಾಗಾಗಿ ನಮಗೆ ಸಿಗೋದು ಎರಡೋ ಮೂರೋ ದಿನ. ಆ ದಿನ ಪಂಪು ಓಡಲೇಬೇಕು.

ಪಂಪಿಗಿರೋದು ಹೋಂಡಾ ಜಿಎಕ್ಸ್160 ಪೆಟ್ರೋಲ್ ಇಂಜಿನ್. 163 ಸಿಸಿ, ಒಂದೇ ಸಿಲಿಂಡರ್, ಒಂದೇ ಪ್ಲಗ್. ಹಳೇ ಪ್ಲಗ್ ಸವೆದಿತ್ತು. ಚಿಕ್ಕಪ್ಪ ವಾಟ್ಸಾಪಲ್ಲಿ ಫೋಟೋ ಕಳಿಸಿ, "ಬರ್ತಾ ಬೆಂಗಳೂರಿಂದ ಇದೊಂದು ತಗಂಬಾ ಮಾರಾಯ್ತಿ" ಅಂದ್ರು. ಪ್ಲಗ್ ಮೇಲೆ ಮಸಿ. ಬಿ, ಪಿ ಕಾಣ್ತಿತ್ತು, 6 ಕಾಣ್ತಿತ್ತು, ಕೊನೆಯ ಎಸ್ ಕಾಣ್ತಿತ್ತು. ಮಧ್ಯದ್ದು ಕಾಣ್ತಿರಲಿಲ್ಲ. ಅಂಗಡಿಯವರು ಒಂದು ಪ್ಲಗ್ ತೆಗೆದು ಕೌಂಟರ್ ಮೇಲಿಟ್ಟು, "ಇದೇ ಮೇಡಂ, ಬಿಪಿ6ಎಚ್‌ಎಸ್" ಅಂದ್ರು. ದಪ್ಪ ಒಂದೇ, ಥ್ರೆಡ್ಡು ಒಂದೇ, ನಂಬರ್ ಕೂಡ 6. ನಾನು ಖುಷಿಯಾಗಿ ತಗೊಂಡು ಬಂದೆ.

ಬೇಕಾಗಿದ್ದಿದ್ದು ಬಿಪಿಆರ್6ಇಎಸ್.

ಈ ಎರಡರ ಮಧ್ಯೆ ಏನು ವ್ಯತ್ಯಾಸ ಅಂತ ಗೊತ್ತಾದ್ರೆ ಇವತ್ತಿನ ಎಪಿಸೋಡ್ ಮುಕ್ಕಾಲು ಮುಗಿದ ಹಾಗೆ. ಅದಕ್ಕೂ ಮುಂಚೆ ಪ್ಲಗ್ ಏನು ಮಾಡತ್ತೆ ಅಂತ ಒಂದು ನಿಮಿಷ ನೋಡೋಣ.

ಕಾರಿನ ಬ್ಯಾಟರಿ 12 ವೋಲ್ಟ್. ಇಗ್ನಿಷನ್ ಕಾಯಿಲ್ ಅದನ್ನು ಹದಿನೈದು, ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲೆ ಏರಿಸತ್ತೆ. ಆ ವೋಲ್ಟೇಜು ಪ್ಲಗ್‌ನ ತುದಿಯಲ್ಲಿರೋ ಒಂದು ಮಿಲಿಮೀಟರ್ ಆಸುಪಾಸಿನ ಸಂದಿಯನ್ನು ಹಾರತ್ತೆ. ಆ ಹಾರಿದ ಕಿಡಿಯೇ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಬೆಂಕಿ ಹಚ್ಚತ್ತೆ. ಕಾರು 3000 ಆರ್‌ಪಿಎಂನಲ್ಲಿ ಓಡ್ತಿದ್ರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಕಳೆ ಹೊಡೆಯೋ ಟೂ ಸ್ಟ್ರೋಕ್ ಬ್ರಷ್ ಕಟರ್ 8000ದಲ್ಲಿ ಕಿರುಚ್ತಿದ್ರೆ ಸೆಕೆಂಡಿಗೆ 130ಕ್ಕೂ ಹೆಚ್ಚು. ಡೀಸೆಲ್ ಇಂಜಿನ್ನಿಗೆ ಇದ್ಯಾವುದೂ ಇಲ್ಲ, ಅಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳತ್ತೆ. ಹಾಗಾಗಿ ಡೀಸೆಲ್ ಪವರ್ ಟಿಲ್ಲರಿಗೆ ಸ್ಪಾರ್ಕ್ ಪ್ಲಗ್ ಬೇಕು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಅವರಿಗೆ ಕಾಫಿ ಕೊಟ್ಟು ಕಳಿಸಿ.

ಈಗ ಆ ಅಕ್ಷರಗಳಿಗೆ ಬರೋಣ. ಬಿಪಿಆರ್6ಇಎಸ್ ಅನ್ನೋದು ಎನ್‌ಜಿಕೆ ಕಂಪನಿಯ ಸಂಕೇತ. ಬಿ ಅಂದ್ರೆ ಥ್ರೆಡ್ಡಿನ ಅಗಲ 14 ಮಿಲಿಮೀಟರ್. ಸಿ ಇದ್ದಿದ್ರೆ 10 ಮಿಲಿಮೀಟರ್, ನಮ್ಮ ಈಗಿನ ಬೈಕು, ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ನೋಡೋ ಸಣ್ಣ ಪ್ಲಗ್. ಪಿ ಅಂದ್ರೆ ಒಳಗಿನ ಬಿಳಿ ಪಿಂಗಾಣಿಯ ಮೂಗು ಸ್ವಲ್ಪ ಮುಂದೆ ಚಾಚಿಕೊಂಡಿದೆ ಅಂತ. ಆರ್ ಅಂದ್ರೆ ಒಳಗೆ ರೆಸಿಸ್ಟರ್ ಇದೆ. 6 ಶಾಖದ ದರ್ಜೆ. ಇ ಅಂದ್ರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್. ಎಚ್ ಇದ್ರೆ 12.7.

ಸಿಕ್ಕಿಬಿದ್ದಿದ್ದು ಅಲ್ಲೇ. ನಾನು ತಂದಿದ್ದು ಆರು ಮಿಲಿಮೀಟರಿಗಿಂತ ಹೆಚ್ಚು ಗಿಡ್ಡ, ರೆಸಿಸ್ಟರ್ರೂ ಇಲ್ಲ. ಹಾಕಿದಾಗ ಸಲೀಸಾಗಿ ಕೂತ್ಕೊಂಡಿತು. ಎಂಟ್ಹತ್ತು ಸಲ ಹಗ್ಗ ಎಳೆದ ಮೇಲೆ ಇಂಜಿನ್ ಸ್ಟಾರ್ಟೂ ಆಯ್ತು. ಆದ್ರೆ ಕಿಡಿ ಹಾರ್ತಿದ್ದಿದ್ದು ಬೆಂಕಿ ಹೊತ್ತಬೇಕಾದ ಜಾಗದಲ್ಲಲ್ಲ, ಹೆಡ್ಡಿನ ತೂತಿನೊಳಗೆ. ಅಡುಗೆಮನೇಲಿ ಒಲೆ ಹಚ್ಚೋಕೆ ಪಡಸಾಲೆಯಲ್ಲಿ ಕಡ್ಡಿ ಗೀರಿದ ಹಾಗೆ. ಖಾಲಿ ಓಡುವಾಗ ಪರವಾಗಿಲ್ಲ, ಪಂಪಿನ ಲೋಡು ಬಿದ್ದ ತಕ್ಷಣ ಕೆಮ್ಮಿ ಕೆಮ್ಮಿ ನಿಲ್ತಿತ್ತು. ಚಿಕ್ಕಪ್ಪ ಕಾರ್ಬುರೇಟರ್ ಬಿಚ್ಚಿದ್ರು, ಪೆಟ್ರೋಲ್ ಬದಲಾಯಿಸಿದ್ರು, ಏರ್ ಫಿಲ್ಟರ್ ತೊಳೆದ್ರು. ಪ್ಲಗ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹೊಸದಲ್ವಾ!

ಅವತ್ತು ಅರ್ಧ ತೋಟವೂ ಆಗಲಿಲ್ಲ. ಮಾರನೇ ದಿನ ಸಂಜೆ ಪಕ್ಕದೂರಿನ ಮೆಕ್ಯಾನಿಕ್ ಬಂದು ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದು, "ಇದು ಯಾರು ತಂದಿದ್ದು?" ಅಂದ್ರು. ನಾನು ಜಗಲಿಯಲ್ಲಿ ಕೂತು ಫೋನ್ ನೋಡೋ ಹಾಗೆ ನಟಿಸ್ತಿದ್ದೆ. ಅವರು ಸರಿಯಾದ ಪ್ಲಗ್ ಹಾಕೋಕೆ ಹೋದ್ರೆ ಅದು ಪೂರ್ತಿ ಒಳಗೆ ಹೋಗಲೇ ಇಲ್ಲ. ಗಿಡ್ಡ ಪ್ಲಗ್ ಇದ್ದಾಗ ಖಾಲಿ ಬಿದ್ದಿದ್ದ ಥ್ರೆಡ್ಡುಗಳಲ್ಲಿ ಮಸಿ ಹತ್ತಿಕೊಂಡಿತ್ತು. ಟ್ಯಾಪ್‌ಗೆ ಗ್ರೀಸು ಮೆತ್ತಿ, ಮಸಿಯೆಲ್ಲ ಗ್ರೀಸಿಗೇ ಅಂಟಿ ಹೊರಗೆ ಬರೋ ಹಾಗೆ ನಿಧಾನಕ್ಕೆ ತಿರುಗಿಸಿ ಅದನ್ನು ತೆಗೆಯೋಷ್ಟರಲ್ಲಿ ಕತ್ತಲಾಯ್ತು. ಮರ ಹತ್ತುವವರು ಬೇರೆಯವರ ತೋಟಕ್ಕೆ ಹೋಗಿಯಾಗಿತ್ತು. ಮೂರನೇ ದಿನದಿಂದ ಮಳೆ. ಕೆಳಗಿನ ತೋಟಕ್ಕೆ ಔಷಧಿ ಬಿದ್ದಿದ್ದು ತುಂಬಾ ತಡವಾಗಿ, ಅಷ್ಟರಲ್ಲಿ ಮರದ ಬುಡದಲ್ಲಿ ಕಾಯಿ ಉದುರೋಕೆ ಶುರುವಾಗಿತ್ತು. ಚಿಕ್ಕಪ್ಪ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಇದರ ಉಲ್ಟಾ ಆಗಿದ್ರೆ, ಅಂದ್ರೆ ಗಿಡ್ಡ ಪ್ಲಗ್ ಬೇಕಾದ ಇಂಜಿನ್ನಿಗೆ ಉದ್ದದ್ದು ಹಾಕಿದ್ರೆ ಕಥೆ ಇನ್ನೂ ಕೆಟ್ಟದು. ಒಳಗೆ ಚಾಚಿದ ತುದಿಗೆ ಪಿಸ್ಟನ್ನೋ ವಾಲ್ವೋ ಬಂದು ಬಡಿಯಬಹುದು. ಹಾಗಾಗಿ ಉದ್ದದ ವಿಷಯದಲ್ಲಿ ರಾಜಿ ಬೇಡ.

ಈಗ ಎಲ್ಲರೂ ತಲೆ ಕೆಡಿಸಿಕೊಳ್ಳೋ ಆ ನಂಬರ್, ಶಾಖದ ದರ್ಜೆ. ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಅಂತ ಮೆಕ್ಯಾನಿಕ್‌ಗಳು ಹೇಳೋದು ಕೇಳಿರ್ತೀರಿ. ಹಾಟ್ ಅಂದ್ರೆ ಕಿಡಿ ಜಾಸ್ತಿ ಬಿಸಿ ಅಂತಲ್ಲ. ತುದಿಯಲ್ಲಿ ಸೇರಿದ ಬಿಸಿಯನ್ನು ಪ್ಲಗ್ ಎಷ್ಟು ಬೇಗ ಹೆಡ್ಡಿಗೆ ದಾಟಿಸತ್ತೆ ಅನ್ನೋದು ಲೆಕ್ಕ. ಮದುವೆ ಛತ್ರದ ಊಟದ ಹಾಲ್ ನೆನೆಸಿಕೊಳ್ಳಿ. ಅಗಲವಾದ ಬಾಗಿಲು ಹತ್ತಿರದಲ್ಲೇ ಇದ್ರೆ ಪಂಕ್ತಿ ಎದ್ದ ತಕ್ಷಣ ಖಾಲಿ, ಅದು ಕೋಲ್ಡ್ ಪ್ಲಗ್. ಉದ್ದ ಓಣಿ ದಾಟಿ ಹೋಗಬೇಕು ಅಂದ್ರೆ ಜನ ಒಳಗೇ ನಿಲ್ತಾರೆ, ಅದು ಹಾಟ್. ಪ್ಲಗ್‌ನಲ್ಲಿ ಆ ಓಣಿ ಅಂದ್ರೆ ಪಿಂಗಾಣಿಯ ಮೂಗಿನ ಉದ್ದ.

ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಮೇಲೆ ಕೂತ ಮಸಿ ತಾನೇ ಸುಟ್ಟುಹೋಗತ್ತೆ. ಅಷ್ಟು ಬಿಸಿಯಾಗದಿದ್ರೆ ಮಸಿ ಕಟ್ಟಿ ಕಿಡಿ ಸಾಯತ್ತೆ. 850ರ ಆಸುಪಾಸು ಮೀರಿ ತುಂಬಾ ಕಾದ್ರೆ ಕಿಡಿಗೆ ಮೊದಲೇ ಆ ಕೆಂಪಗಾದ ತುದಿಯೇ ಮಿಶ್ರಣಕ್ಕೆ ಬೆಂಕಿ ಹಚ್ಚತ್ತೆ. ಪಿಸ್ಟನ್ ಮೇಲೆ ಬರ್ತಿರುವಾಗಲೇ ಸ್ಫೋಟ ಅದನ್ನು ಕೆಳಗೆ ತಳ್ಳತ್ತೆ, ಪಿಸ್ಟನ್ ತಲೆಯಲ್ಲಿ ತೂತಾಗೋದು ಹೀಗೇ. ಅದಕ್ಕೇ ಕಂಪನಿಯವರು ಹೇಳಿದ ನಂಬರ್ ಬಿಟ್ಟು ಆಚೀಚೆ ಹೋಗಬೇಡಿ. ಮಾರ್ಪಾಡು ಮಾಡಿದ ರೇಸ್ ಇಂಜಿನ್ ಇದ್ರೆ ಮಾತು ಬೇರೆ, ಅವರಿಗೆ ಈ ಎಪಿಸೋಡ್ ಬೇಕಾಗಿಲ್ಲ.

ಇಲ್ಲೊಂದು ದೊಡ್ಡ ಗುಂಡಿ ಇದೆ, ನೋಡಿಕೊಂಡು ಕಾಲಿಡಿ. ಎನ್‌ಜಿಕೆ ಮತ್ತು ಡೆನ್ಸೋದಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ನಂಬರ್ ಹೆಚ್ಚಾದಷ್ಟೂ ಹಾಟ್. ಉಲ್ಟಾ! ನಮ್ಮ ಪಂಪಿನ ಬಿಪಿಆರ್6ಇಎಸ್‌ಗೆ ಸಮನಾದದ್ದು ಡೆನ್ಸೋದಲ್ಲಿ ಡಬ್ಲ್ಯೂ20ಇಪಿಆರ್-ಯು, ಬಾಷ್‌ನಲ್ಲಿ ಡಬ್ಲ್ಯೂಆರ್7ಡಿಸಿ, ಚಾಂಪಿಯನ್‌ನಲ್ಲಿ ಆರ್‌ಎನ್9ವೈಸಿ. 6, 20, 7, 9. ನಾಲ್ಕೂ ಹೆಚ್ಚುಕಡಿಮೆ ಒಂದೇ ಪ್ಲಗ್. "ನಂದು 7 ಅಣ್ಣಾ, 7 ಕೊಡಿ" ಅಂತ ಬ್ರ್ಯಾಂಡ್ ಹೇಳದೆ ಕೇಳಿದ್ರೆ ಏನು ಬರತ್ತೋ ದೇವರೇ ಬಲ್ಲ. ಬ್ರ್ಯಾಂಡ್ ಬದಲಾಯಿಸೋದಾದ್ರೆ ಆಯಾ ಕಂಪನಿಯ ಕ್ಯಾಟಲಾಗ್‌ನಲ್ಲಿ ನಿಮ್ಮ ಗಾಡಿಯ ಮಾಡೆಲ್, ವರ್ಷ ಹಾಕಿ ನೋಡಿ.

ವರ್ಷ ಯಾಕೆ ಅಂದ್ರೆ ಹೆಸರು ಒಂದೇ ಇದ್ರೂ ಒಳಗಿನ ಇಂಜಿನ್ ಬದಲಾಗಿರತ್ತೆ. 2024ರಲ್ಲಿ ಬಂದ ಸ್ವಿಫ್ಟ್‌ಗೆ ಮೂರು ಸಿಲಿಂಡರ್, ಅದಕ್ಕೂ ಹಿಂದಿನ ಪೆಟ್ರೋಲ್ ಸ್ವಿಫ್ಟ್‌ಗೆ ನಾಲ್ಕು. "ಸ್ವಿಫ್ಟ್‌ಗೊಂದು ಸೆಟ್ ಕೊಡಿ" ಅಂದ್ರೆ ಎಷ್ಟು ಕೊಡಬೇಕು ಅನ್ನೋದೇ ಪ್ರಶ್ನೆ. ನಾಲ್ಕು ಸಿಲಿಂಡರ್ ಇದ್ದೂ ಎಂಟು ಪ್ಲಗ್ ಬೇಡೋ ಕಾರುಗಳೂ ಇವೆ. 2003ರ ಹೋಂಡಾ ಸಿಟಿಯ ಐ-ಡಿಎಸ್‌ಐ ಇಂಜಿನ್ ಹಾಗಿತ್ತು. ಬೈಕಲ್ಲಿ ಪಲ್ಸರ್ ಡಿಟಿಎಸ್-ಐಗೆ ಎರಡು, 200 ಎನ್‌ಎಸ್‌ಗೆ ಮೂರು. ಸರ್ವಿಸ್ ಬಿಲ್ಲಿನಲ್ಲಿ ಒಂದೇ ಪ್ಲಗ್ ಬರೆದಿದ್ರೆ ಉಳಿದದ್ದರ ಕಥೆ ಏನು ಅಂತ ವಿಚಾರಿಸಿ.

ರೆಸಿಸ್ಟರ್ ಬಗ್ಗೆ ಚುಟುಕಾಗಿ ಹೇಳ್ತೀನಿ. ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್ ಇದ್ದ ಹಾಗೆ, ಸುತ್ತ ಗದ್ದಲ ಎಬ್ಬಿಸತ್ತೆ. ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್ ಆ ಗದ್ದಲವನ್ನು ತಗ್ಗಿಸತ್ತೆ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಅದರಿಂದ ರೇಡಿಯೋ ಕರಕರ ಅಂತಿತ್ತು, ಅಷ್ಟೇ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಸ್ಕೂಟರುಗಳಲ್ಲೂ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್, ಕಂಪ್ಯೂಟರ್. ಅವಕ್ಕೆ ಈ ಗದ್ದಲ ಆಗಿಬರಲ್ಲ. ಕೈಪಿಡಿಯಲ್ಲಿ ಆರ್ ಇದ್ರೆ ಆರ್ ಇರೋದೇ ಹಾಕಿ.

ಸರಿ, ಈಗ ನನ್ನ ಏರಿಯಾಕ್ಕೆ ಬಂದೆ, ದುಡ್ಡು. "ಇರಿಡಿಯಂ ಹಾಕ್ಸಿ, ಪಿಕಪ್ ಸಖತ್ತಾಗಿ ಬರತ್ತೆ" ಅಂತ ಗ್ಯಾರೇಜಲ್ಲಿ ಹೇಳ್ತಾರಲ್ಲ, ನಿಜಾನಾ?

ಸಾಧಾರಣ ಪ್ಲಗ್‌ನ ತುದಿ ನಿಕ್ಕಲ್ ಮಿಶ್ರಲೋಹ. ಒಳಗೆ ತಾಮ್ರದ ಕೋರ್ ಇರೋದರಿಂದ ಕಾಪರ್ ಪ್ಲಗ್ ಅಂತಾರೆ. ತುದಿ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ. ಇರಿಡಿಯಂ 2400 ಡಿಗ್ರಿ ದಾಟಿದ ಮೇಲೆ ಕರಗೋ ಲೋಹ, ನಿಕ್ಕಲ್ 1455ಕ್ಕೇ ಕರಗತ್ತೆ. ಅಷ್ಟು ಗಟ್ಟಿ ಇರೋದರಿಂದ ಇರಿಡಿಯಂ ತುದಿಯನ್ನು 0.4, 0.6 ಮಿಲಿಮೀಟರಿನಷ್ಟು ಸಪೂರ ಮಾಡಬಹುದು. ಸಪೂರ ತುದಿಯಿಂದ ಕಿಡಿ ಹಾರೋಕೆ ಕಡಿಮೆ ವೋಲ್ಟೇಜು ಸಾಕು, ಸವೆತವೂ ನಿಧಾನ. ಲಾಭ ಇರೋದು ಅಲ್ಲಿ, ಬಾಳಿಕೆಯಲ್ಲಿ. ಸರಿಯಾಗಿ ಉರೀತಿರೋ ಇಂಜಿನ್ನಿಗೆ ಇರಿಡಿಯಂ ಹಾಕಿದ್ರೆ ಹೊಸ ಶಕ್ತಿ ಬರಲ್ಲ. ಹಾಕಿದ ಮೇಲೆ ಪಿಕಪ್ ಬಂತು ಅನ್ನೋರ ಹಳೇ ಪ್ಲಗ್ ಸತ್ತಿತ್ತು ಅಂತ ಅರ್ಥ. ನೂರೈವತ್ತು ರೂಪಾಯಿಯ ಹೊಸ ಪ್ಲಗ್ ಹಾಕಿದ್ರೂ ಬರ್ತಿತ್ತು.

ಲೆಕ್ಕ ಹಾಕೋಣ. ಉದಾಹರಣೆಗೆ ನಿಕ್ಕಲ್ ಪ್ಲಗ್ 180 ರೂಪಾಯಿ, ಇರಿಡಿಯಂ 750 ಅಂತ ಇಟ್ಕೊಳ್ಳಿ. ಕಾರಿಗೆ ನಾಲ್ಕು ಬೇಕು. ನಿಕ್ಕಲ್ 30 ಸಾವಿರ ಕಿಲೋಮೀಟರಿಗೊಮ್ಮೆ, ಇರಿಡಿಯಂ 90 ಸಾವಿರಕ್ಕೊಮ್ಮೆ ಬದಲಾವಣೆ. ಪ್ಲಗ್ ಮೇಲೇ ಕಾಣ್ತಾ ಇದ್ದು ಮಜೂರಿ 200 ರೂಪಾಯಿ ಆದ್ರೆ, 90 ಸಾವಿರ ಕಿಲೋಮೀಟರಿಗೆ ನಿಕ್ಕಲ್ ಖರ್ಚು 2760, ಇರಿಡಿಯಂ 3200. ನಿಕ್ಕಲ್ ಗೆಲ್ತು. ಕೆಲವು ಕಾರುಗಳಲ್ಲಿ ಪ್ಲಗ್ ಮುಟ್ಟಬೇಕು ಅಂದ್ರೆ ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಇಳಿಸಬೇಕು. ಅಲ್ಲಿ ಮಜೂರಿ 900 ಅಂದ್ರೆ ನಿಕ್ಕಲ್ 4860, ಇರಿಡಿಯಂ 3900. ಲೆಕ್ಕ ಉಲ್ಟಾ ಆಯ್ತು. ಅಂದ್ರೆ ನಿರ್ಧಾರ ಮಾಡಬೇಕಾಗಿದ್ದು ಪ್ಲಗ್‌ನ ರೇಟ್ ನೋಡಿ ಅಲ್ಲ, ಬೋನೆಟ್ ಎತ್ತಿ ಪ್ಲಗ್ ಎಲ್ಲಿದೆ ಅಂತ ನೋಡಿ. ನಿಮ್ಮ ರೇಟುಗಳನ್ನು ಹಾಕಿ ನೀವೇ ಲೆಕ್ಕ ಮಾಡಿ, ಐದು ನಿಮಿಷದ ಕೆಲಸ.

ಎರಡು ಷರತ್ತು. ಮಧ್ಯದ ತುದಿಗೆ ಮಾತ್ರ ಇರಿಡಿಯಂ ಇದ್ದು ಮೇಲೆ ಬಾಗಿದ ಕೊಂಡಿ ಮಾಮೂಲಿ ನಿಕ್ಕಲ್ ಇದ್ರೆ ಆ ಕೊಂಡಿ ಬೇಗ ಸವೆಯತ್ತೆ, 90 ಸಾವಿರ ಬಾಳಲ್ಲ. ಎರಡೂ ಕಡೆ ಅಮೂಲ್ಯ ಲೋಹ ಇರೋದನ್ನೇ ಕೇಳಿ. ಹಾಗೇ ಕಂಪನಿಯಿಂದಲೇ ಇರಿಡಿಯಂ ಬಂದ ಕಾರಿಗೆ, ಅದರಲ್ಲೂ ಟರ್ಬೋ ಇಂಜಿನ್ನಿಗೆ, ದುಡ್ಡು ಉಳಿಸೋಕೆ ನಿಕ್ಕಲ್ ಹಾಕಬೇಡಿ. ತೋಟದ ಪಂಪಿಗೆ, ಜನರೇಟರಿಗೆ ಮಾತ್ರ ಮಾಮೂಲಿ ನಿಕ್ಕಲ್ಲೇ ಸಾಕು. ವರ್ಷಕ್ಕೆ ಹದಿನೈದು ದಿನ ಓಡೋ ಇಂಜಿನ್ನಿಗೆ ಒಂದು ಲಕ್ಷ ಕಿಲೋಮೀಟರಿನ ಪ್ಲಗ್ ಯಾಕೆ?

ಸಂದಿಯ ಅಳತೆಯನ್ನೂ ನೋಡಿ. ಜಿಎಕ್ಸ್160ಗೆ 0.7ರಿಂದ 0.8 ಮಿಲಿಮೀಟರ್. ಸ್ಟಿಲ್ ಕಂಪನಿಯ ಹಲವು ಕಳೆಯಂತ್ರ, ಗರಗಸಗಳಲ್ಲಿ ಬಿಪಿಎಂಆರ್7ಎ ಪ್ಲಗ್, ಸಂದಿ 0.5. ಸಂದಿ ದೊಡ್ಡದಾದ್ರೆ ಕಾಯಿಲ್‌ಗೆ ಭಾರ, ಚಳಿ ಬೆಳಗ್ಗೆ ಸ್ಟಾರ್ಟ್ ಆಗಲ್ಲ. ಸಿಎನ್‌ಜಿ ಕಾರಿನವರು ಇದನ್ನು ಇನ್ನೂ ಗಮನಿಸಬೇಕು, ಸಿಎನ್‌ಜಿಯಲ್ಲಿ ಕಿಡಿ ಹಾರಿಸೋಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜು ಬೇಕು, ಹಾಗಾಗಿ ಸವೆದ ಪ್ಲಗ್ ಮೊದಲು ಕೈಕೊಡೋದು ಸಿಎನ್‌ಜಿಯಲ್ಲೇ. ಫೀಲರ್ ಗೇಜ್ ಅಂತ ಸಿಗತ್ತೆ, ದುಬಾರಿಯಲ್ಲ. ಹೊರಗಿನ ಕೊಂಡಿಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿ, ಇರಿಡಿಯಂ ತುದಿಗೆ ಸ್ಕ್ರೂಡ್ರೈವರ್ ತಾಗಿಸಬೇಡಿ, ಪಟ್ಟಂತ ಮುರಿಯತ್ತೆ. ಆರ್‌ಎಕ್ಸ್ 100 ಕಾಲದವರು ಜೇಬಲ್ಲಿ ಉಪ್ಪುಕಾಗದ ಇಟ್ಕೊಂಡು ಪ್ಲಗ್ ಉಜ್ಜುತ್ತಿದ್ರಲ್ಲ, ಆ ಪ್ರಯೋಗವೂ ಇರಿಡಿಯಂ ಮೇಲೆ ಬೇಡ.

ನಕಲಿ ಪ್ಲಗ್‌ಗಳ ಕಾಟ ಬೇರೆ ಇದೆ. ಜೆ.ಸಿ. ರೋಡಿನಂಥ ದೊಡ್ಡ ಸ್ಪೇರ್ ಪಾರ್ಟ್ಸ್ ಮಾರ್ಕೆಟ್ಟಿರಲಿ, ಆನ್‌ಲೈನ್ ಇರಲಿ, ರೇಟು ಅರ್ಧಕ್ಕರ್ಧ ಕಡಿಮೆ ಇದ್ರೆ ಅನುಮಾನ ಪಡಿ. ಮಧ್ಯದ ತುದಿ ಮತ್ತು ಮೇಲಿನ ಕೊಂಡಿ ಒಂದೇ ನೇರಕ್ಕಿವೆಯಾ, ಪಿಂಗಾಣಿ ಮೇಲಿನ ಅಕ್ಷರ ಮಸುಕಾಗಿದೆಯಾ ನೋಡಿ. ವಾಷರ್ ಬೆರಳಲ್ಲಿ ತಿರುಗಿಸಿದ್ರೆ ಸಲೀಸಾಗಿ ಕೈಗೇ ಬಂತು ಅಂದ್ರೆ ಅದು ಒಳ್ಳೇ ಲಕ್ಷಣ ಅಲ್ಲ. ಮಲ್ಟಿಮೀಟರ್ ಇದ್ರೆ ಇನ್ನೂ ಸುಲಭ. ಆರ್ ಇರೋ ಪ್ಲಗ್‌ನ ಮೇಲ್ತುದಿಯಿಂದ ಮಧ್ಯದ ತುದಿಗೆ ಅಳೆದ್ರೆ ಕೆಲವು ಕಿಲೋ ಓಮ್ ತೋರಿಸಬೇಕು. ಸೊನ್ನೆ ತೋರಿಸಿದ್ರೆ ಆ ಆರ್ ಬರೀ ಬಣ್ಣ.

ಹಾಕುವಾಗ ಇಂಜಿನ್ ತಣ್ಣಗಿರಲಿ, ಬಿಸಿ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡು ಕಿತ್ತುಬರಬಹುದು. ಬಿಚ್ಚೋ ಮುಂಚೆ ಸುತ್ತಲಿನ ಧೂಳು ಊದಿ ತೆಗೀರಿ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಆಳದಲ್ಲಿದ್ರೆ ಪ್ಲಗ್‌ನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ತಿರುಗಿಸಿ. ವಾಷರ್ ಕೂತ ಮೇಲೆ ಹೊಸ ಪ್ಲಗ್ ಆದ್ರೆ ಪ್ಲಗ್ ಪಾನಾದಲ್ಲಿ ಇನ್ನರ್ಧ ಸುತ್ತು, ಸ್ವಲ್ಪ ಜಾಸ್ತಿ ಅಂದ್ರೆ ಮೂರನೇ ಎರಡು ಸುತ್ತು. ವಾಷರ್ ಇಲ್ಲದ, ಇಳಿಜಾರು ಅಂಚಿನ ಪ್ಲಗ್ ಆದ್ರೆ ಹದಿನಾರನೇ ಒಂದು ಸುತ್ತು ಸಾಕು. ಶಕ್ತಿ ಪ್ರದರ್ಶನ ಬೇಡ.

ಬಿಚ್ಚಿದ ಹಳೇ ಪ್ಲಗ್ ಬಿಸಾಡೋ ಮುಂಚೆ ಒಂದು ಸಲ ನೋಡಿ, ಅದು ಇಂಜಿನ್ನಿನ ಬ್ಲಡ್ ರಿಪೋರ್ಟ್. ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಇದ್ರೆ ಆರೋಗ್ಯ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ, ಏರ್ ಫಿಲ್ಟರ್ ನೋಡಿ. ಎಣ್ಣೆ ಪಸೆ ಇದ್ರೆ ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಒಳಗೆ ನುಗ್ಗುತ್ತಿದೆ ಅಂತ. ಬಿಳಿಚಿ ಗುಳ್ಳೆ ಎದ್ದಿದ್ರೆ ವಿಪರೀತ ಕಾಯ್ತಿದೆ, ಹೊಸ ಪ್ಲಗ್ ಹಾಕಿ ಸುಮ್ಮನಾಗಬೇಡಿ, ಕಾರಣ ಹುಡುಕಿಸಿ.

ನಮ್ಮ ಮನೆ ಹಿರಿಯರು ಇವತ್ತಿಗೂ ಇದನ್ನೆಲ್ಲ "ಮೈಕೋ ಪ್ಲಗ್" ಅಂತಾರೆ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಇದ್ದ ಮೈಕೋ ಕಂಪನಿ, ಈಗ ಅದರ ಹೆಸರೇ ಬಾಷ್. ಮೈಕೋ ಲೇಔಟಿನಲ್ಲಿ ಪಿಜಿ ಹುಡುಕೋ ಎಷ್ಟು ಜನರಿಗೆ ಆ ಹೆಸರಿನ ಹಿಂದೆ ಪ್ಲಗ್ ಇದೆ ಅಂತ ಗೊತ್ತಿದೆಯೋ!

ಈಗ ಚಿಕ್ಕಪ್ಪನ ಮನೆ ಅಟ್ಟದಲ್ಲಿ ಒಂದು ಬಿಸ್ಕೆಟ್ ಡಬ್ಬಿ ಇದೆ. ಅದರೊಳಗೆ ಎರಡು ಹೊಸ ಪ್ಲಗ್, ಒಂದು ಪಾನಾ, ಫೀಲರ್ ಗೇಜ್. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಕೋಡ್ ಬರೆದಿಟ್ಟಿದ್ದೀನಿ. ಸೀಸನ್ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿಡೋದೂ ಈಗ ರೂಢಿ. ಎಥನಾಲ್ ಬೆರೆತ ಪೆಟ್ರೋಲು ತಿಂಗಳುಗಟ್ಟಲೆ ನಿಂತ್ರೆ ತೇವ ಎಳೆದುಕೊಳ್ಳತ್ತೆ. ಈ ವರ್ಷ ಮೇ ಕೊನೆಯಲ್ಲಿ ಚಿಕ್ಕಪ್ಪ ಫೋನ್ ಮಾಡಿ, ಇನ್ನೊಂದು ಪ್ಲಗ್ ತರೋಕೆ ಹೇಳಿದ್ರು. ಈ ಸಲ ಫೋಟೋ ಕಳಿಸಲಿಲ್ಲ. "ಬರ್ಕೋ" ಅಂದ್ರು. "ಬಿ ಅಂದ್ರೆ ಬಾಳೆಕಾಯಿ, ಪಿ ಅಂದ್ರೆ ಪಂಪು, ಆರ್ ಅಂದ್ರೆ ರಾಮಣ್ಣ. ರಾಮಣ್ಣನ್ನ ಮಾತ್ರ ಮರೀಬೇಡ ಮಾರಾಯ್ತಿ."